ಒಂಬತ್ತು ವರ್ಷ ಮೊದಲೇ ಮುಗಿದ ಸಂಕಲನ

ಕಳೆದ ತಿಂಗಳು ಮಗಳನ್ನು ಕರೆದುಕೊಂಡು ಮೈಸೂರಿಗೆ ಹೊರಟಿದ್ದೆ, ಸೋದರಮಾವನನ್ನು ನೋಡಿಕೊಂಡು ಬರೋಣ ಅಂತ. ನಮ್ಮದು ಹಳೇ ಕಾರು, ಅದರಲ್ಲಿ ಇನ್ನೂ ಸಿಡಿ ಪ್ಲೇಯರ್ ಇದೆ. ಕೆಂಗೇರಿ ದಾಟುತ್ತಿದ್ದ ಹಾಗೆ ಅಮೆರಿಕದ ಜಾಝ್ ಕೊಳಲುಗಾರ ಹರ್ಬಿ ಮ್ಯಾನ್ ಅವರ ಸಂಕಲನದ ಮೊದಲ ಡಿಸ್ಕ್ ಹಾಕಿದೆ. ಮದ್ದೂರಿನಲ್ಲಿ ವಡೆ ತಿಂದು, ಕಾಫಿ ಕುಡಿದು, ಮತ್ತೆ ಹೊರಟು ಮಂಡ್ಯ ಬರುವ ಹೊತ್ತಿಗೆ ಎರಡನೇ ಡಿಸ್ಕ್ ಓಡುತ್ತಿತ್ತು. ಮಗಳಿಗೆ 16 ವರ್ಷ. ಸದಾ ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಇರುವವಳು ಅವತ್ತು ಅದನ್ನು ತೆಗೆದಿಟ್ಟು ನನ್ನ ಜೊತೆ ಕೇಳುತ್ತಿದ್ದಳು. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಅಪ್ಪಾ, ಒಂದು ಬ್ರೆಜಿಲ್ ಥರ ಇದೆ, ಒಂದು ಆಫ್ರಿಕಾ ಥರ ಇದೆ, ಇದು ನೋಡಿದ್ರೆ ಡಿಸ್ಕೋ. ಇದರಲ್ಲಿ ಇವರದ್ದೇ ಅಂತ ಯಾವುದು?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಕೇಳಿರುವ ಸಿಡಿ ಅದು. ಯಾವ ಟ್ರ್ಯಾಕ್ ಆದಮೇಲೆ ಯಾವುದು ಬರುತ್ತದೆ ಅಂತ ಬಾಯಿಪಾಠ ಇದೆ. ಆದರೂ ಅವಳ ಪ್ರಶ್ನೆ ನನ್ನನ್ನು ಶ್ರೀರಂಗಪಟ್ಟಣದವರೆಗೂ ಸುಮ್ಮನಿರಿಸಿತು. ಆಮೇಲೂ ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಡಿಸನ್, 1999

ಆ ಸಿಡಿ ಸಿಕ್ಕಿದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ವೈ2ಕೆ ಕೆಲಸಕ್ಕೆ (2000ನೇ ಇಸವಿ ಬಂದಾಗ ಕಂಪ್ಯೂಟರ್‌ಗಳು ತಾರೀಖು ತಪ್ಪದ ಹಾಗೆ ಸರಿಮಾಡುವ ಕೆಲಸ) ಅಂತ ನಮ್ಮಂಥವರು ಗುಂಪುಗುಂಪಾಗಿ ಹೋಗಿದ್ದ ಕಾಲದಲ್ಲಿ. ನಾಲ್ಕು ಜನ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಜನವರಿಯ ಚಳಿ. ಶನಿವಾರ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ, ಹತ್ತಿರದಲ್ಲೊಂದು ಸೆಕೆಂಡ್ ಹ್ಯಾಂಡ್ ಸಿಡಿ ಅಂಗಡಿ ಇತ್ತು, ಒಳಗೆ ಬೆಚ್ಚಗಿರುತ್ತಿತ್ತು, ಹಾಗಾಗಿ ಹೋಗುತ್ತಿದ್ದೆ. ಜಾಝ್ ಅಂದರೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ. ಡಬ್ಬದ ಮೇಲೆ ಕೊಳಲು ಕಂಡಿತು, ಕೈಗೆತ್ತಿಕೊಂಡೆ, ಅಷ್ಟೇ. ಮನೆಯಲ್ಲಿ ಕೊಳಲು ಕೇಳಿ ಬೆಳೆದವನು ನಾನು. ಆ ಊರಿನಲ್ಲಿ, ಆ ಚಳಿಯಲ್ಲಿ, ಕೊಳಲು ಅಂದರೆ ಯಾರೋ ಪರಿಚಯದವರು ಸಿಕ್ಕ ಹಾಗೆ.

ಸಂಕಲನದ ಹೆಸರು 'ದಿ ಎವಲ್ಯೂಷನ್ ಆಫ್ ಮ್ಯಾನ್'. ರೈನೋ ಅನ್ನುವ ರೆಕಾರ್ಡ್ ಕಂಪನಿ 1994ರಲ್ಲಿ ತಂದಿದ್ದು. ಮನುಷ್ಯನ ವಿಕಾಸ ಅಂತಲೂ ಓದಬಹುದು, ಮ್ಯಾನ್ ಅನ್ನುವ ಕಲಾವಿದ ಬೆಳೆದು ಬಂದ ದಾರಿ ಅಂತಲೂ ಓದಬಹುದು. ಅವರ ಹುಟ್ಟು ಹೆಸರು ಹರ್ಬರ್ಟ್ ಜೇ ಸಾಲಮನ್. 1930ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, ಪೂರ್ವ ಯೂರೋಪಿನ ಮೂಲದ ಯಹೂದಿ ಕುಟುಂಬ. ಮ್ಯಾನ್ ಅನ್ನುವುದು ವೇದಿಕೆಗೆ ಇಟ್ಟುಕೊಂಡ ಹೆಸರು. ಆ ಹೆಸರಿನ ಜೊತೆ ಆಟ ಆಡಿದ ಆಲ್ಬಮ್‌ಗಳು ಅವರವು ಹಲವಾರಿವೆ.

ಅಪಾರ್ಟ್‌ಮೆಂಟಿಗೆ ಬಂದು ಹಾಕಿದೆ. 'ಕಮಿನ್ ಹೋಮ್ ಬೇಬಿ' ಬಂದಾಗ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಮೊದಲು ಬಾಸ್, ತಗ್ಗು ದನಿಯ ದೊಡ್ಡ ತಂತಿವಾದ್ಯ. ನಾಲ್ಕಾರು ಸ್ವರದ ಒಂದೇ ತುಂಡು, ಮತ್ತೆ ಮತ್ತೆ ಅದೇ. ಅದರ ಮೇಲೆ ಕಾಂಗಾ ಡ್ರಮ್ಮಿನ ಪೆಟ್ಟು. ಹಿಂದೆ ಜನರ ಸದ್ದು, ಯಾಕೆಂದರೆ ಅದು ಸ್ಟುಡಿಯೋದಲ್ಲಿ ಮಾಡಿದ್ದಲ್ಲ, 1961ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ಗೇಟ್ ಅನ್ನುವ ಕ್ಲಬ್ಬಿನಲ್ಲಿ ಜನರ ಎದುರೇ ಮಾಡಿದ ರೆಕಾರ್ಡಿಂಗ್. ಆಮೇಲೆ ಕೊಳಲು. ನಾನು ಕಾಯುತ್ತಿದ್ದ ಕೊಳಲು ಅದಲ್ಲ. ಎಳೆದು ಹಾಡುವುದಿಲ್ಲ. ಚುಟುಕು ಚುಟುಕಾಗಿ, ಕೊನೆಯಲ್ಲಿ ಸ್ವಲ್ಪ ಉಸಿರು ಬಿಟ್ಟು, ನಿಲ್ಲಿಸಿ, ಮತ್ತೆ ಶುರು. ಕೊಳಲಿನಲ್ಲಿ ಹೀಗೂ ಮಾಡಬಹುದಾ ಅಂತ ಅವತ್ತು ಎಷ್ಟು ಸಲ ಕೇಳಿದೆನೋ. ನನ್ನ ಜೊತೆ ಇದ್ದ ಆಂಧ್ರದ ಹುಡುಗ ಕೊನೆಗೆ ಬಾಗಿಲು ಹಾಕಿಕೊಂಡ.

ಮಾವ ಹೇಳಿದ್ದು

ಎರಡು ವರ್ಷ ಆದಮೇಲೆ ರಜೆಗೆ ಊರಿಗೆ ಬಂದಾಗ ಡಿಸ್ಕ್‌ಮನ್ನೂ ಎರಡು ಪುಟ್ಟ ಸ್ಪೀಕರೂ ತಂದಿದ್ದೆ. ಮಾವನಿಗೆ ಕೇಳಿಸಬೇಕು ಅನ್ನುವುದೇ ಮುಖ್ಯ ಉದ್ದೇಶ. ಮಾವ ಬ್ಯಾಂಕಿನಲ್ಲಿದ್ದವರು. ಬೆಳಗಿನ ಕಾಫಿಗೆ ಮುಂಚೆ ಒಂದು ಗಂಟೆ ಕೊಳಲು ಊದುವುದು ಅವರ ದಿನಚರಿ, ಕಚೇರಿ ಕೊಟ್ಟವರಲ್ಲ, ಯಾರಿಗೂ ಪಾಠ ಹೇಳಿದವರೂ ಅಲ್ಲ. ಅವರಿಗೆ ದೇವರು ಅಂದರೆ ಟಿ.ಆರ್. ಮಹಾಲಿಂಗಂ. ಮಾಲಿ ಅಂತಲೇ ಎಲ್ಲರೂ ಕರೆಯುವವರು. ಕೊಳಲಿನಲ್ಲಿ ಹಾಡುಗಾರಿಕೆಯ ಗಮಕ ಎಲ್ಲವನ್ನೂ ತಂದು ತೋರಿಸಿದ ಮಾಲಿಯ ಕ್ಯಾಸೆಟ್‌ಗಳನ್ನು ಮಾವ ಬೀರುವಿನಲ್ಲಿ, ಮನೆ ಪತ್ರ ಇಟ್ಟ ಕಡೆ ಇಟ್ಟಿದ್ದರು.

ಮಧ್ಯಾಹ್ನ ಊಟ ಆಗಿ, ಹಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಹಾಕಿದೆ. ಮೊದಲ ಒಂದು ನಿಮಿಷ ಬರೀ ತೊಡೆ ಮೇಲೆ ತಾಳ ಹಾಕುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಕೊಳಲಿನ ಚೀಲ ತಂದರು, ಅದರಲ್ಲಿ ಒಂದೊಂದು ಶ್ರುತಿಗೆ ಒಂದೊಂದು ಕೊಳಲು, ಒಂದನ್ನು ತೆಗೆದು ಊದಿ ನೋಡಿ ಇಟ್ಟರು, ಇನ್ನೊಂದು ತೆಗೆದರು, ಅದು ಹತ್ತಿರ ಬಂತು. ಸಿಡಿಯ ಜೊತೆ ಸ್ವಲ್ಪ ಊದಿದರು. ಅವರ ಕೈ ಅವರ ಅಭ್ಯಾಸದಂತೆ ಸ್ವರವನ್ನು ಜಾರಿಸಿ ಹಿಡಿಯಿತು. ಕೂಡಲಿಲ್ಲ. ಮತ್ತೆ ಊದಿದರು. ಊಹೂಂ. ಕೊಳಲು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಮುಗಿದ ಮೇಲೆ ಅವರು ಹೇಳಿದ್ದು ನನಗೆ ಹಾಗೇ ನೆನಪಿದೆ: "ಇವನು ಊದ್ತಾ ಇಲ್ಲ ಕಣೋ, ತಟ್ತಾ ಇದಾನೆ."

ಆಮೇಲೆ ಬಿಡಿಸಿ ಹೇಳಿದರು. ನಮ್ಮ ಬಿದಿರಿನ ಕೊಳಲಿನಲ್ಲಿ ಬೆರಳೇ ರಂಧ್ರದ ಮೇಲೆ ಕೂರುತ್ತದೆ, ಅರ್ಧ ಮುಚ್ಚಬಹುದು, ಕಾಲು ಭಾಗ ತೆರೆಯಬಹುದು, ಎರಡು ಸ್ವರದ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಗಮಕ ಇರುವುದೇ ಅಲ್ಲಿ. ಇವರದ್ದು ಲೋಹದ ಕೊಳಲು. ಜರ್ಮನಿಯ ಥಿಯೋಬಾಲ್ಡ್ ಬೋಮ್ 1847ರಲ್ಲಿ ರೂಪ ಕೊಟ್ಟ ಮಾದರಿ, ಕೀ ಒತ್ತಿದರೆ ರಂಧ್ರ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. (ಈ ಹೆಸರು, ಇಸವಿ ನಾನು ಆಮೇಲೆ ಓದಿಕೊಂಡಿದ್ದು. ಮಾವ ಹೇಳಿದ್ದು "ಅದಕ್ಕೆ ಕೀಲು ಇರುತ್ತಲ್ಲ" ಅಂತ ಮಾತ್ರ.) ಬೆರಳಿಗೆ ಜಾರುವ ಜಾಗ ಕಡಿಮೆ. ಹಾಗಾದರೆ ಕೊಳಲುಗಾರನ ಹತ್ತಿರ ಉಳಿಯುವುದು ಏನು? ಉಸಿರು ಮತ್ತು ನಾಲಿಗೆ. ನಮ್ಮಲ್ಲೂ ತುತ್ತುಕಾರ ಅಂತ ಇದೆ, ನಾಲಿಗೆಯಿಂದ ಸ್ವರವನ್ನು ಕತ್ತರಿಸಿ ಬಿಡುವುದು. ಈ ಮನುಷ್ಯ ಆ ತುತ್ತುಕಾರದಲ್ಲೇ ಮನೆ ಕಟ್ಟಿಕೊಂಡಿದ್ದಾನೆ ಅಂದರು ಮಾವ. ಮೃದಂಗದವನು ಕೊಳಲು ಹಿಡಿದ ಹಾಗೆ.

ಅವರಿಗೆ ಜಾಝ್ ಗೊತ್ತಿರಲಿಲ್ಲ. ಆದರೆ ಅವರು ಹೇಳಿದ್ದು ಎಷ್ಟು ಸರಿ ಅಂತ ಆಮೇಲೆ ತಿಳಿಯುತ್ತಾ ಹೋಯಿತು. ಮ್ಯಾನ್ ಶುರು ಮಾಡಿದ್ದು ಕ್ಲಾರಿನೆಟ್‌ನಿಂದ, ಆಮೇಲೆ ಟೆನರ್ ಸ್ಯಾಕ್ಸೊಫೋನ್. 1953ರ ಸುಮಾರಿಗೆ ಮ್ಯಾಟ್ ಮ್ಯಾಥ್ಯೂಸ್ ಅನ್ನುವ ಡಚ್ ಅಕಾರ್ಡಿಯನ್ ವಾದಕರ ತಂಡದಲ್ಲಿ ಕೊಳಲಿನವರು ಬೇಕಾಗಿದ್ದರು, ಆ ಅವಕಾಶ ಹಿಡಿದು ಕೊಳಲಿಗೆ ಬಂದರು. ಜಾಝ್‌ನಲ್ಲಿ ಕೊಳಲು ಆಗ ಹೆಚ್ಚುಕಡಿಮೆ ಖಾಲಿ ಜಾಗ. ತುತ್ತೂರಿ, ಸ್ಯಾಕ್ಸ್, ಡ್ರಮ್ ಎದುರು ಅದರ ದನಿ ಸಣ್ಣದು, ಮೈಕ್ ಇಲ್ಲದಿದ್ದರೆ ಮುಳುಗಿಯೇ ಹೋಗುತ್ತದೆ. ಟ್ರಂಪೆಟ್‌ಗೆ, ಸ್ಯಾಕ್ಸ್‌ಗೆ ಇದ್ದ ಹಾಗೆ ದೊಡ್ಡ ಗುರುಪರಂಪರೆ ಕೊಳಲಿಗೆ ಇರಲಿಲ್ಲ. ವಿಲೇಜ್ ಗೇಟ್‌ನ ತಂಡ ನೋಡಿ: ಪಿಯಾನೋ ಇಲ್ಲ. ಅದರ ಬದಲು ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ), ಬಾಸ್, ಡ್ರಮ್, ಕೈಯಿಂದ ಬಾರಿಸುವ ತಾಳವಾದ್ಯಗಳು. ಕೊಳಲಿಗೆ ಉಸಿರಾಡಲು ಎಲ್ಲ ಕಡೆ ಜಾಗ ಬಿಟ್ಟಿದ್ದಾರೆ. 'ಕಮಿನ್ ಹೋಮ್ ಬೇಬಿ' ಬರೆದಿದ್ದು ಅದರಲ್ಲೇ ಬಾಸ್ ನುಡಿಸಿದ ಬೆನ್ ಟಕರ್. ಬಾಸ್‌ನವರು ಕಟ್ಟಿದ ಹಾಡಿನಲ್ಲಿ ಬಾಸೇ ದಾರಿ, ಕೊಳಲು ಆ ದಾರಿಯಲ್ಲಿ ನಡೆಯುತ್ತದೆ.

ಹೋದ ಊರಿನ ನೀರು

ಹಾಗಾಗಿ ಮಗಳ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದೇ ಆಗಿತ್ತು: ಆ ತಟ್ಟುವುದಿದೆಯಲ್ಲ, ಅದು ಅವರದ್ದು. ಉಳಿದದ್ದೆಲ್ಲ ಹೋದ ಊರಿನ ನೀರು. 1960ರ ಹೊತ್ತಿಗೆ ಅಮೆರಿಕ ಸರ್ಕಾರ ಏರ್ಪಡಿಸಿದ ಪ್ರವಾಸದಲ್ಲಿ ಆಫ್ರಿಕಾ ಸುತ್ತಿ ಬಂದರು. 1962ರಲ್ಲಿ ರಿಯೋಗೆ ಹೋಗಿ ಆಂಟೋನಿಯೋ ಕಾರ್ಲೋಸ್ ಜೋಬಿಂ, ಬಾಡೆನ್ ಪೊವೆಲ್, ಸೆರ್ಜಿಯೋ ಮೆಂಡೆಸ್ ಜೊತೆ ಕೂತು ಬೊಸ್ಸಾ ನೋವಾ ರೆಕಾರ್ಡ್ ಮಾಡಿದರು, ಬ್ರೆಜಿಲ್‌ನ ಸಂಗೀತ ಬೇಕಾದರೆ ಬ್ರೆಜಿಲ್‌ನವರ ಜೊತೆಯೇ ನುಡಿಸಬೇಕು ಅಂತ. ಮುಂದೆ ಮಧ್ಯಪ್ರಾಚ್ಯ, ದಕ್ಷಿಣ ಅಮೆರಿಕ ಅಲ್ಲ, ಅಮೆರಿಕದ್ದೇ ದಕ್ಷಿಣದ ಊರು ಮೆಂಫಿಸ್, ಜಮೈಕಾದ ರೆಗೇ, ಜಪಾನಿನ ಅರಮನೆ ಸಂಗೀತ ಗಗಾಕು. 1975ರಲ್ಲಿ ಡಿಸ್ಕೋ. 'ಹೈಜಾಕ್' ಸ್ಪೇನಿನ ಬರಾಬಾಸ್ ತಂಡದ ಹಾಡು, ಮ್ಯಾನ್ ನುಡಿಸಿದ ಮೇಲೆ ಅದು ಅಮೆರಿಕದ ಡಿಸ್ಕೋ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಡೌನ್‌ಬೀಟ್ ಅನ್ನುವ ಜಾಝ್ ಪತ್ರಿಕೆಯ ಓದುಗರು ಸತತವಾಗಿ 13 ವರ್ಷ ಅವರನ್ನೇ ಅತ್ಯುತ್ತಮ ಕೊಳಲುಗಾರ ಅಂತ ಆರಿಸಿದ್ದರು. ವಿಮರ್ಶಕರು ಮಾತ್ರ ಅಷ್ಟು ಖುಷಿಯಾಗಿರಲಿಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವವರು ಅನ್ನುವ ದೂರು ಕೊನೆಯವರೆಗೂ ಇತ್ತು. ಸಂಕಲನದಲ್ಲಿ ಈ ದೂರು ಇನ್ನೂ ಜೋರಾಗಿ ಕೇಳಿಸುತ್ತದೆ, ಇದು ನಾನು ತಡವಾಗಿ ಗಮನಿಸಿದ್ದು. 1962ರಲ್ಲಿ ವಿಲೇಜ್ ಗೇಟ್ ಆಲ್ಬಮ್ ಕೊಂಡವರಿಗೆ ಡಿಸ್ಕೋ ಬರುವುದಕ್ಕೆ 13 ವರ್ಷ ಇತ್ತು. ಅಷ್ಟರಲ್ಲಿ ಅವರ ಮಕ್ಕಳು ದೊಡ್ಡವರಾಗಿದ್ದರು, ಅವರ ಊರುಗಳೂ ಬದಲಾಗಿದ್ದವು, ಸಂಗೀತವೂ ಬದಲಾಯಿತು ಅಂದರೆ ಸಹಜ ಅನ್ನಿಸಿರುತ್ತದೆ. ನನಗೆ ಆ 13 ವರ್ಷ ಕೆಂಗೇರಿಯಿಂದ ಮಂಡ್ಯದ ಒಳಗೆ ಆಗಿಹೋಯಿತು. ಇಷ್ಟು ಬೇಗ ಬೇಗ ಬಟ್ಟೆ ಬದಲಾಯಿಸಿದರೆ ಯಾರನ್ನಾದರೂ ನಂಬುವುದು ಕಷ್ಟ, ಅಲ್ವಾ?

ಒಂದು ಮಾತು ಹೇಳಿಬಿಡುತ್ತೇನೆ. ಪರರ ಸಂಗೀತಕ್ಕೆ ಹೋಗುವುದರಲ್ಲೂ ಬೇರೆ ಬೇರೆ ಬಗೆ ಇದೆ. ಬಾಸ್ಟನ್‌ನ ಚಾರ್ಲಿ ಮರಿಯಾನೋ ಅಂತ ಸ್ಯಾಕ್ಸೊಫೋನ್ ವಾದಕರಿದ್ದರು. ನಾಗಸ್ವರ ಕಲಿತರು. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಜೊತೆ ವರ್ಷಗಟ್ಟಲೆ ನುಡಿಸಿದರು. 1983ರ 'ಜ್ಯೋತಿ' ಆಲ್ಬಮ್ ಕೇಳಿದರೆ ಗೊತ್ತಾಗುತ್ತದೆ, ಅವರು ನೆಂಟರಾಗಿ ಬಂದವರಲ್ಲ, ಪಾಠಕ್ಕೆ ಕೂತವರು. ಮ್ಯಾನ್ ಹಾಗಲ್ಲ. ಅವರು ನೆಂಟರೇ. ಆದರೆ ಒಳ್ಳೆಯ ನೆಂಟರು: ಮನೆಯವರು ಮಾಡಿದ ಅಡುಗೆ ಸಂತೋಷವಾಗಿ ಊಟ ಮಾಡುವವರು, ಮನೆಯವರ ಮಾತಿಗೆ ಅಡ್ಡ ಬಾರದವರು. ನನಗೆ ಮರಿಯಾನೋ ಮೇಲೆ ಗೌರವ ಜಾಸ್ತಿ. ಪ್ರೀತಿ ಮ್ಯಾನ್ ಮೇಲೆ.

ಆ ನೆಂಟಸ್ತಿಕೆ ಅತಿ ಚೆನ್ನಾಗಿ ಕೇಳುವುದು 'ಮೆಂಫಿಸ್ ಅಂಡರ್‌ಗ್ರೌಂಡ್'ನಲ್ಲಿ. 1968ರ ಆಗಸ್ಟ್. ಅದೇ ಏಪ್ರಿಲ್‌ನಲ್ಲಿ ಅದೇ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದಿದ್ದರು. ಆ ಊರಿಗೆ ಮ್ಯಾನ್ ನ್ಯೂಯಾರ್ಕಿನಿಂದ ಗಿಟಾರಿನ ಲ್ಯಾರಿ ಕೊರಿಯೆಲ್, ಸನ್ನಿ ಶರಾಕ್, ವೈಬ್ರಾಫೋನಿನ ರಾಯ್ ಏಯರ್ಸ್ ಅವರನ್ನು ಕರೆದುಕೊಂಡು ಹೋದರು. ಅಮೆರಿಕನ್ ಸೌಂಡ್ ಸ್ಟುಡಿಯೋ. ಮುಂದಿನ ಜನವರಿಯಲ್ಲಿ ಎಲ್ವಿಸ್ ಪ್ರೀಸ್ಲಿ ಬಂದು ಹಾಡಿದ್ದೂ ಅಲ್ಲೇ. ತಾಳ, ನಡೆ ಎಲ್ಲ ಆ ಸ್ಟುಡಿಯೋದ ಖಾಯಂ ವಾದಕರದ್ದು, ದಿನವೂ ಸೋಲ್ ಅನ್ನುವ, ಕಪ್ಪು ಜನರಿಂದ ಬಂದ ಬಗೆಯ ಹಾಡುಗಳಿಗೆ ನುಡಿಸುತ್ತಿದ್ದ ದಕ್ಷಿಣದ ಬಿಳಿಯ ಹುಡುಗರು. ಶೀರ್ಷಿಕೆಯ ಹಾಡು ಮ್ಯಾನ್ ಅವರ ಸ್ವಂತ ರಚನೆ. ಹೆಸರು ಹಿಡಿದು ಲೆಕ್ಕ ಹಾಕಿದರೆ ಮಗಳಿಗೆ "ಇದು ಅವರದ್ದು" ಅನ್ನಬಹುದಿತ್ತು. ಆದರೆ ಕೇಳಿ ನೋಡಿ, ಅದರ ಜೀವ ಇರುವುದು ಕೆಳಗೆ, ಡ್ರಮ್ ಮತ್ತು ಬಾಸ್‌ನಲ್ಲಿ. ಮ್ಯಾನ್ ಅದರ ಮೇಲೆ ಆತುರ ಇಲ್ಲದೆ ಕೂತಿದ್ದಾರೆ, ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತವರ ಹಾಗೆ. ಅದೇ ಆಲ್ಬಮ್‌ನ 'ಹೋಲ್ಡ್ ಆನ್, ಐಯಾಮ್ ಕಮಿನ್'ನಲ್ಲಿ ಸನ್ನಿ ಶರಾಕ್ ಗಿಟಾರನ್ನು ಕಿರುಚಿಸುತ್ತಾರೆ. ಸ್ವರ ಅಂತ ಹೇಳಲಾಗದ ಸದ್ದು. ಜನಪ್ರಿಯ ಆಲ್ಬಮ್ ಮಾಡಲು ಹೊರಟವರು ಅದನ್ನು ಕತ್ತರಿಸಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವವರು ಅಂದವರಿಗೆ ನಾನು ತೋರಿಸುವುದು ಆ ಒಂದೆರಡು ನಿಮಿಷವನ್ನು. 'ಹೈಜಾಕ್' ನನಗೆ ಇವತ್ತಿಗೂ ಹತ್ತಿರ ಆಗಿಲ್ಲ, ಅದರ ಪರವಾಗಿ ವಾದ ಮಾಡಲಾರೆ.

ಬ್ಲೀಕರ್ ಬೀದಿಯ ಬೋರ್ಡು

ಸಂಕಲನದಿಂದ ಮೂಲಕ್ಕೆ ಹೋಗಿದ್ದು ನಿಧಾನವಾಗಿ. ವಿಲೇಜ್ ಗೇಟ್ ಆಲ್ಬಮ್ ಪೂರ್ತಿ ತರಿಸಿಕೊಂಡಾಗ ಗೊತ್ತಾಯಿತು, ಅದರಲ್ಲಿ ಇರುವುದು ಮೂರೇ ಟ್ರ್ಯಾಕ್. ಎರಡನೇ ಬದಿ ಪೂರ್ತಿ ಒಂದೇ, ಅಮೆರಿಕದ ಸಂಗೀತ ರಚನಕಾರ ಗರ್ಶ್ವಿನ್ ಅವರ 'ಇಟ್ ಏಂಟ್ ನೆಸೆಸರಿಲಿ ಸೋ', ಸುಮಾರು 20 ನಿಮಿಷ. ಅದರಲ್ಲಿ ಅವಸರ ಅನ್ನುವುದೇ ಇಲ್ಲ. ಕೊಳಲು ಸುಮ್ಮನಾಗುತ್ತದೆ, ತಾಳವಾದ್ಯದವರು ಮಾತಾಡಿಕೊಳ್ಳುತ್ತಾರೆ, ಕ್ಲಬ್ಬಿನಲ್ಲಿ ಕೂತವರ ಉಸಿರು ಕೂಡ ಕೇಳಿಸಿದ ಹಾಗೆ ಆಗುತ್ತದೆ. ಎರಡೇ ಡಿಸ್ಕಿನಲ್ಲಿ ಒಬ್ಬರ ಬದುಕನ್ನು ತುಂಬಬೇಕಾದಾಗ 20 ನಿಮಿಷ ಅಂದರೆ ಬಹಳ ದೊಡ್ಡ ಜಾಗ. ಸಂಕಲನ ಮಾಡುವವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಮ್ಯಾನ್ ಅವರ ವಿಷಯದಲ್ಲಿ ಆ ಕಾಯುವಿಕೆಯೇ ಸಂಗೀತ. ಅದು ಹೋದರೆ ಊರುಗಳ ಹೆಸರು ಮಾತ್ರ ಉಳಿಯುತ್ತದೆ, ಬ್ರೆಜಿಲ್, ಆಫ್ರಿಕಾ, ಡಿಸ್ಕೋ ಅಂತ. ಮಗಳಿಗೆ ಕೇಳಿಸಿದ್ದೂ ಅದೇ ತಾನೆ.

2012ರಲ್ಲಿ ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದಾಗ ಒಂದು ಸಂಜೆ ಬಿಡುವು ಮಾಡಿಕೊಂಡು ಗ್ರೀನಿಚ್ ವಿಲೇಜ್‌ಗೆ ಹೋದೆ. ಬ್ಲೀಕರ್ ಮತ್ತು ಥಾಂಪ್ಸನ್ ಬೀದಿ ಸೇರುವ ಮೂಲೆ. ವಿಲೇಜ್ ಗೇಟ್ ಮುಚ್ಚಿ ಆಗಲೇ ಎಷ್ಟೋ ವರ್ಷ ಆಗಿತ್ತು. ಆದರೆ ಕಟ್ಟಡದ ಮೂಲೆಯಲ್ಲಿ ಹಳೇ ಬೋರ್ಡು ಹಾಗೇ ಇತ್ತು, ಕೆಳಗೆ ಔಷಧಿ ಅಂಗಡಿ. ಒಳಗೆ ಹೋಗಿ ಒಂದು ನೀರಿನ ಬಾಟಲಿ ಕೊಂಡೆ. ಹೊರಗೆ ನಿಂತು ಫೋನಿನಲ್ಲಿ 'ಕಮಿನ್ ಹೋಮ್ ಬೇಬಿ' ಹಾಕಿಕೊಂಡೆ. ಹಾಡಿನಲ್ಲಿ ಚಪ್ಪಾಳೆ ತಟ್ಟಿದವರು ಇದೇ ಫುಟ್‌ಪಾತಿನ ಮೇಲೆ ನಡೆದು ಮನೆಗೆ ಹೋಗಿರಬೇಕು.

ಡಬ್ಬದಲ್ಲಿ ಇಲ್ಲದ್ದು

ಅವತ್ತು ರಾತ್ರಿ ಹೋಟೆಲಿನಲ್ಲಿ ಅವರ ಆಲ್ಬಮ್‌ಗಳ ಪಟ್ಟಿ ನೋಡುತ್ತಾ ಕೂತೆ, ಮೊದಲ ಸಲ ಕೊನೆಯವರೆಗೂ. ಸಂಕಲನ ಬಂದಿದ್ದು 1994ರಲ್ಲಿ. ಮ್ಯಾನ್ ತೀರಿಕೊಂಡಿದ್ದು 2003ರ ಜುಲೈ 1ರಂದು, ನ್ಯೂ ಮೆಕ್ಸಿಕೋದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ. ನಡುವೆ ಒಂಬತ್ತು ವರ್ಷ. 'ವಿಕಾಸ' ಅಂತ ಹೆಸರಿಟ್ಟ ಡಬ್ಬ ಮುಚ್ಚಿದ ಮೇಲೂ ಅವರು ಊದುತ್ತಲೇ ಇದ್ದರು. ಕಾಯಿಲೆ ಇದೆ ಅಂತ ಗೊತ್ತಾಗಿದ್ದು 1997ರಲ್ಲಿ. 2000ದಲ್ಲಿ ಬಂದ ಆಲ್ಬಮ್‌ನ ಹೆಸರು 'ಈಸ್ಟರ್ನ್ ಯೂರೋಪಿಯನ್ ರೂಟ್ಸ್'. ಅಷ್ಟು ದೇಶಗಳ ನೀರು ಕುಡಿದವರು 70ನೇ ವಯಸ್ಸಿನಲ್ಲಿ, ಮೈಯಲ್ಲಿ ಕಾಯಿಲೆ ಇಟ್ಟುಕೊಂಡು, ತಮ್ಮ ಹಿರಿಯರು ಬಂದ ಕಡೆಯ ಸಂಗೀತಕ್ಕೆ ಹೋಗಿದ್ದರು. ಹಳೇ ಗೆಳೆಯ, ಸ್ಯಾಕ್ಸೊಫೋನಿನ ಫಿಲ್ ವುಡ್ಸ್ ಜೊತೆ ಮಾಡಿದ ರೆಕಾರ್ಡ್ ಅವರು ಹೋದಮೇಲೆ 2004ರಲ್ಲಿ ಬಂತು. ಅದರ ಹೆಸರಿನಲ್ಲಿ ಬ್ರೂಕ್ಲಿನ್ ಇದೆ.

ನಾನು 13 ವರ್ಷ ಆ ಡಬ್ಬವನ್ನೇ ಪೂರ್ತಿ ಮನುಷ್ಯ ಅಂದುಕೊಂಡಿದ್ದೆ. ಬದುಕಿರುವವರ ಸಂಕಲನ ಮಾಡುವುದರಲ್ಲಿ ಈ ತೊಂದರೆ ಇದೆ. ಮಾಡಿದವರ ತಪ್ಪಲ್ಲ, ಮುಂದೆ ಏನು ಬರುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು. ಆದರೆ ಕೇಳುವ ನಮಗೆ ಅದು ಮುಗಿದ ಲೆಕ್ಕದ ಹಾಗೆ ಕಾಣುತ್ತದೆ. ಮಗಳು ಕೇಳಿದ ಪ್ರಶ್ನೆಯನ್ನು ಮ್ಯಾನ್ ಕೂಡ ತಮಗೆ ತಾವೇ ಕೇಳಿಕೊಂಡಿದ್ದರೋ ಏನೋ. ಆ ಆಲ್ಬಮ್ ನೋಡಿದರೆ ನನಗೆ ಹಾಗೇ ಅನ್ನಿಸುತ್ತದೆ.

ಶ್ರೀರಂಗಪಟ್ಟಣದ ಸೇತುವೆ ಮೇಲೆ ಇದನ್ನೆಲ್ಲ ಮಗಳಿಗೆ ಹೇಳಿದೆ. "ಹಾಗಾದ್ರೆ ಅದನ್ನ ಹಾಕು" ಅಂದಳು. ಅದು ಸಿಡಿಯಲ್ಲಿ ಇರಲಿಲ್ಲ, ಫೋನಿನಲ್ಲಿತ್ತು. ಮಾವನ ಮನೆಯಲ್ಲಿ ಎಲ್ಲರೂ ಕೇಳೋಣ ಅಂದೆ.

ಮಾವನಿಗೆ ಈಗ 84. ಕೊಳಲು ಊದಲು ಉಸಿರು ಸಾಲುವುದಿಲ್ಲ, ನಾಲ್ಕು ವರ್ಷ ಆಯಿತು ನಿಲ್ಲಿಸಿ. ಚೀಲ ಮಾತ್ರ ಮಂಚದ ಪಕ್ಕದ ಮೊಳೆಗೆ ತೂಗುಹಾಕಿದೆ. ಕಿವಿ ಚೆನ್ನಾಗಿದೆ. ಊಟ ಆದಮೇಲೆ ಫೋನನ್ನು ಒಂದು ಸ್ಟೀಲ್ ಪಾತ್ರೆಯೊಳಗೆ ಇಟ್ಟು, ಸದ್ದು ಜೋರಾಗಲಿ ಅಂತ, ಆ ಪೂರ್ವ ಯೂರೋಪಿನ ಆಲ್ಬಮ್‌ನಿಂದ ಒಂದು ಹಾಡು ಹಾಕಿದೆ. ಯಾರದ್ದು ಅಂತ ಹೇಳಲಿಲ್ಲ. ಮಾವ ತೊಡೆ ಮೇಲೆ ತಾಳ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಹೊದಿಕೆಯ ಮೇಲೆ ಇಟ್ಟಿದ್ದ ಎರಡೂ ಕೈಯ ಬೆರಳುಗಳು ಒಂದೊಂದಾಗಿ ಏಳುತ್ತಾ ಕೂರುತ್ತಾ ಇದ್ದವು. ಮಗಳು ನನ್ನ ಮೊಣಕೈ ಮುಟ್ಟಿ ತೋರಿಸಿದಳು.

ಮುಗಿದ ಮೇಲೆ "ಯಾರೋ ಇದು?" ಅಂದರು.

"ಅವರೇ ಮಾವ. ಆಗ ಅಮೆರಿಕದಿಂದ ತಂದು ಕೇಳಿಸಿದ್ದೆನಲ್ಲ, ತಟ್ತಾನೆ ಅಂದಿದ್ರಲ್ಲ, ಅವರೇ. ವಯಸ್ಸಾದಮೇಲೆ ಮಾಡಿದ್ದು."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚೆನ್ನಾಗಿದೆ" ಅಂದರು. ಆಮೇಲೆ, "ಆ ತಟ್ಟೋದು ಹಾಕೋ, ಅದನ್ನೂ ಕೇಳೋಣ" ಅಂದರು. ಅದು ನನ್ನ ಫೋನಿನಲ್ಲೂ ಇತ್ತು. ಆದರೆ ಅಷ್ಟರಲ್ಲಿ ಮಗಳು ಕಾರಿನ ಕೀ ತೆಗೆದುಕೊಂಡು ಎದ್ದಾಗಿತ್ತು. ಮಾವನ ಹಳೇ ಸಿಡಿ ಪ್ಲೇಯರ್ ಟಿವಿಯ ಹಿಂದೆ ಇರುವುದನ್ನು ಅವಳು ಬಂದ ಕೂಡಲೇ ನೋಡಿಟ್ಟಿದ್ದಳು.